ಕುರಿ ಕೊಟ್ಟಿದ್ದೀರಿ, ಮರಿಗೆ ಮೇವು ಯಾವಾಗ?

ಮಾನ್ಯ ಪಶುಸಂಗೋಪನಾ ಸಚಿವರು,
ಮಹಾರಾಷ್ಟ್ರ ಸರ್ಕಾರ, ಮುಂಬೈ.

ಸಾಹೇಬರೇ, ನಮಸ್ಕಾರ.

ನಾನು ಪುಣೆ–ಸೋಲಾಪುರ ರಸ್ತೆಯಲ್ಲಿ ಹಿಂಡಿ, ಹೊಟ್ಟು, ಬೂಸಾ ಮಾರುವವನು. ಮೂಲ ಅಥಣಿ ಕಡೆ. ಅಂಗಡಿಗೆ ಬರುವ ಕುರಿಗಾರರಲ್ಲಿ ದೌಂಡ್, ಇಂದಾಪುರ, ಬಾರಾಮತಿ ಕಡೆಯ ಧನಗರರು ಜಾಸ್ತಿ. ಚಳಿಗಾಲದಲ್ಲಿ ನಮ್ಮ ಕಡೆಯ ಕುರುಬರೂ ಹಿಂಡು ಹೊಡೆದುಕೊಂಡು ಬರುತ್ತಾರೆ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಹಾಕುತ್ತಿರುವುದು ನಮ್ಮವರೂ ಓದಲಿ, ಏನಾದರೂ ಬಿಟ್ಟಿದ್ದರೆ ಹೇಳಲಿ ಅಂತ.

ಕೇಳುವುದು ಇಷ್ಟೇ. ಸರ್ಕಾರ ಕುರಿಗಾರರಿಗೆ ಕೊಡುವ ಮೇವಿನ ದುಡ್ಡಿನಲ್ಲಿ ಒಂದು ಪಾಲು ಕುರಿ ಈಯುವ ಕಾಲಕ್ಕೆ ಕೈಗೆ ಬರಬೇಕು. ಈಗ ಅದು ಮಳೆಗಾಲದಲ್ಲೇ ಬಂದು ಮುಗಿದುಹೋಗುತ್ತದೆ.

ಮಳೆಗಾಲದ ಅನುದಾನ ಬೇಡ ಅನ್ನುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 6,000 ರೂಪಾಯಿಯಂತೆ ಒಟ್ಟು 24,000 ರೂಪಾಯಿ ಚರಾಯಿ ಅನುದಾನ ಇದೆ. ಆ ನಾಲ್ಕು ತಿಂಗಳು ಹೊಲದಲ್ಲಿ ಪೈರು ನಿಂತಿರುತ್ತದೆ, ಕಾಡಿನೊಳಗೆ ಬಿಡುವುದಿಲ್ಲ. ಹಿಂಡನ್ನು ಎಲ್ಲಿಗೆ ಹೊಡೆಯಬೇಕು ಅನ್ನುವ ಕಷ್ಟ ನಿಜವಾದದ್ದೇ. 2017ರಲ್ಲಿ ಬಂದ ಮಹಾಮೇಷ ಯೋಜನೆಯಲ್ಲಿ ಶೇ 75ರ ಸಬ್ಸಿಡಿಯಲ್ಲಿ 20 ಕುರಿ, ಒಂದು ಟಗರು ಕೊಡುತ್ತೀರಿ. ಅದೂ ಒಳ್ಳೆಯದೇ. ಆದರೆ ಡೆಕ್ಕನಿ ಕುರಿಯ ಉಣ್ಣೆಯಿಂದ ಈಗ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ. ಮನೆ ನಡೆಯುವುದು ಮರಿ ಮಾರಿದ ದುಡ್ಡಿನಿಂದ. ಮರಿ ಬದುಕಬೇಕು, ಮೂರು ತಿಂಗಳಿಗೆ ಮೈ ತುಂಬಿಕೊಳ್ಳಬೇಕು. ಇಲ್ಲದಿದ್ದರೆ 20 ಕುರಿ ಇದ್ದೂ ಏನು ಮಾಡುವುದು?

ಈಗ ತಿಂಗಳ ಲೆಕ್ಕ ನೋಡಿ. ಮುಂಗಾರಿನ ಹಸಿರು ತಿಂದ ಕುರಿ ಬೆದೆಗೆ ಬರುತ್ತದೆ. ಗಬ್ಬ ಹೆಚ್ಚುಕಮ್ಮಿ 150 ದಿನ. ಹಾಗಾಗಿ ಈ ಭಾಗದಲ್ಲಿ ಹೆಚ್ಚಿನ ಮರಿಗಳು ಹುಟ್ಟುವುದು ನವೆಂಬರ್‌ನಿಂದ ಜನವರಿಯೊಳಗೆ. ಹೊಟ್ಟೆಯೊಳಗಿನ ಮರಿ ಹುಟ್ಟುವಾಗಿನ ತನ್ನ ತೂಕದಲ್ಲಿ ಸುಮಾರು ಶೇ 70ರಷ್ಟನ್ನು ಪಡೆಯುವುದು ಗಬ್ಬದ ಕೊನೆಯ ಆರು ವಾರದಲ್ಲಿ. ಅಂದರೆ ಹೆಚ್ಚಾಗಿ ಅಕ್ಟೋಬರ್, ನವೆಂಬರ್. ಹುಲ್ಲು ಕಡ್ಡಿಯಾಗುವ ಹೊತ್ತು. ನಿಮ್ಮ ಅನುದಾನ ಸೆಪ್ಟೆಂಬರ್‌ಗೇ ನಿಂತಿರುತ್ತದೆ.

ಇನ್ನೊಂದು ತೊಂದರೆ ಇದೆ. ಆ ಕೊನೆಯ ವಾರಗಳಲ್ಲಿ ಮರಿಯೇ ಹೊಟ್ಟೆಯ ಜಾಗ ಹಿಡಿದಿರುತ್ತದೆ. ಕುರಿಗೆ ಒಣಮೇವು ಹೆಚ್ಚು ತಿನ್ನಲು ಆಗುವುದಿಲ್ಲ. ಮೇವಿನ ರಾಶಿ ಮುಂದಿದ್ದರೂ ಅದರ ಹೊಟ್ಟೆಗೆ ಹಿಡಿಸುವುದು ಅಷ್ಟಕ್ಕಷ್ಟೇ. ಅದಕ್ಕೇ ದಿನಕ್ಕೆ ಕಾಲು ಕಿಲೋ ಹಿಂಡಿ–ನುಚ್ಚು ಬೇಕಾಗುವುದು. ಅದು ಸಿಕ್ಕರೆ ಮರಿ ಮೂರು ಕಿಲೋ ಆಸುಪಾಸು ಹುಟ್ಟುತ್ತದೆ, ತಾಯಿಯ ಕೆಚ್ಚಲಿನಲ್ಲಿ ಗಿಣ್ಣದ ಹಾಲು ಇರುತ್ತದೆ. ಸಿಗದಿದ್ದರೆ ಎರಡು ಕಿಲೋ ಕೂಡ ತೂಗದ ಮರಿ, ಬಯಲಲ್ಲಿ ಡಿಸೆಂಬರ್ ಚಳಿ, ಬತ್ತಿದ ಕೆಚ್ಚಲು. ಕುರಿಮರಿಗೆ ರೋಗ ತಡೆಯುವ ಶಕ್ತಿ ಗರ್ಭದಲ್ಲಿ ಇಳಿದು ಬರುವುದಿಲ್ಲ, ಗಿಣ್ಣದಲ್ಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಹುಟ್ಟಿದ ಮೊದಲ ಒಂದು ದಿನ ಮಾತ್ರ. ಆ ದಿನ ಹೋದರೆ ಆಮೇಲೆ ಯಾವ ಟಾನಿಕ್ ಕುಡಿಸಿದರೂ ಅದು ತಿರುಗಿ ಬರುವುದಿಲ್ಲ.

ಹೋದ ಚಳಿಗಾಲ ಉರುಳಿ ಕಾಂಚನ್ ಆಚೆ ಕಬ್ಬು ಕಡಿದ ಹೊಲದಲ್ಲಿ ಇಳಿದಿದ್ದ ಒಂದು ಹಿಂಡಿಗೆ ಚೀಲ ಹಾಕಲು ಹೋಗಿದ್ದೆ. ನಮ್ಮ ಕಡೆಯವರೇ. ಹಿಂಡಿನ ಅಜ್ಜಿ ಒಂದು ಮರಿಯನ್ನು ಎಳೆದುಕೊಂಡು ನನ್ನ ಕೈಯನ್ನು ಅದರ ಬೆನ್ನಿನ ಮೇಲೆ ಇಟ್ಟರು. "ನೋಡಪಾ, ಹೊಟ್ಟಿ ತುಂಬೇತಿ, ಬೆನ್ನಾಗ ಏನೂ ಇಲ್ಲ." ಬೆನ್ನುಮೂಳೆಯ ಗಂಟು ಒಂದೊಂದೂ ಬೆರಳಿಗೆ ಸಿಗುತ್ತಿತ್ತು. ಹೊಟ್ಟೆ ಮಾತ್ರ ಗಡಿಗೆಯಂತೆ. ಅದಕ್ಕೆ ಸಿಗುತ್ತಿದ್ದುದು ಕಬ್ಬಿನ ಸೋಗೆ. ಸಕ್ಕರೆ ಕಾರ್ಖಾನೆ ನಡೆಯುವಷ್ಟು ದಿನ ಈ ಜಿಲ್ಲೆಯಲ್ಲಿ ಸೋಗೆಗೆ ಬರ ಇಲ್ಲ. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ತೀರ ಕಡಿಮೆ. ಮೇಲಾಗಿ ಅದರಲ್ಲಿರುವ ಆಕ್ಸಲೇಟ್ ಮೈಗೆ ಸೇರಬೇಕಾದ ಸುಣ್ಣದ ಅಂಶವನ್ನು ಹಿಡಿದಿಟ್ಟುಬಿಡುತ್ತದೆ. ದೊಡ್ಡ ಕುರಿ ಹೇಗೋ ತಾಳಿಕೊಳ್ಳುತ್ತದೆ. ಎಲುಬು ಬೆಳೆಯುವ ಮರಿಗೆ ಅದೊಂದೇ ಆದರೆ ಆಗುವುದಿಲ್ಲ.

ಅಲ್ಲೇ ಅಜ್ಜಿಯ ಮೊಮ್ಮಗ ಒಂದು ಕೆಲಸ ಮಾಡಿದ್ದ. ರಾತ್ರಿ ಹಿಂಡನ್ನು ಕೂಡಿಹಾಕುವ ಬಲೆಯ ಒಂದು ಮೂಲೆಯಲ್ಲಿ ಎರಡು ಬಿದಿರಿನ ಗಳ ನೆಟ್ಟು ಕಂಡಿ ಬಿಟ್ಟಿದ್ದ. ಅಗಲ ಒಂದು ಗೇಣಿಗೂ ಕಡಿಮೆ. ಮರಿ ನುಗ್ಗುತ್ತದೆ, ತಾಯಿ ನುಗ್ಗುವುದಿಲ್ಲ. ಒಳಗೆ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪಿನಲ್ಲಿ ನುಚ್ಚು, ಹಿಂಡಿ. ಹದಿನೈದು ದಿನದ ಮರಿಗಳು ತಿನ್ನುವುದಕ್ಕಿಂತ ಮೂಸುವುದೇ ಹೆಚ್ಚು. ಮೂಸುತ್ತಾ, ನೆಕ್ಕುತ್ತಾ, ಒಂದು ತಿಂಗಳಿಗೆ ಗದ್ದಲ ಮಾಡಿ ತಿನ್ನುತ್ತವೆ. ಇದಕ್ಕೆ ಸರಿಯಾದ ಕಾರಣ ಇದೆ. ತಾಯಿಯ ಹಾಲು ಈದ ಮೂರು–ನಾಲ್ಕನೇ ವಾರಕ್ಕೆ ಏರಿ ಆಮೇಲೆ ಇಳಿಯುತ್ತದೆ. ಮರಿಯ ಹಸಿವು ಏರುತ್ತಲೇ ಹೋಗುತ್ತದೆ. ಮೆಲುಕು ಹಾಕುವ ದೊಡ್ಡ ಹೊಟ್ಟೆ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಕಾಳು ಅಲ್ಲಿ ಹುಳಿತು ಬಂದ ಆಮ್ಲಗಳಿಂದಲೇ ಅದರ ಒಳಪದರ ಬೆಳೆಯುವುದು. ಅದು ತಯಾರಾಗದೆ ಹಾಲು ಬಿಡಿಸಿದ ಮರಿ ಹುಲ್ಲಿನ ನಡುವೆ ನಿಂತೂ ಸೊರಗುತ್ತದೆ.

ಖರ್ಚು ಎಷ್ಟು ಅಂತ ನೀವು ಕೇಳಬಹುದು. ನಿಮ್ಮದೇ 20 ಕುರಿಯ ಲೆಕ್ಕ ಹಿಡಿಯೋಣ. ಗಬ್ಬದ ಕುರಿಗೆ ದಿನಕ್ಕೆ 250 ಗ್ರಾಂ, 42 ದಿನ, ಅಂದರೆ ಹತ್ತೂವರೆ ಕಿಲೋ. ಮರಿಗೆ ಹದಿನೈದನೇ ದಿನದಿಂದ ಮೂರು ತಿಂಗಳವರೆಗೆ, 50 ಗ್ರಾಂನಿಂದ ಶುರುಮಾಡಿ 250 ಗ್ರಾಂವರೆಗೆ ಏರಿಸಿದರೂ ಸರಾಸರಿ 150 ಗ್ರಾಂ. ಅದು ಹನ್ನೊಂದು ಕಿಲೋ ಚಿಲ್ಲರೆ. ಕುರಿಗೆ ಒಂದು ಮರಿಯಂತೆ ಹಿಡಿದರೆ ಎಲ್ಲ ಸೇರಿ 435 ಕಿಲೋ. ಸೋರಿದ್ದು, ಚೆಲ್ಲಿದ್ದು ಸೇರಿಸಿ 50 ಕಿಲೋದ ಒಂಬತ್ತು ಚೀಲ ಅನ್ನಿ. ಕಿಲೋಗೆ 30 ರೂಪಾಯಿ ಹಿಡಿದರೆ 13,500 ರೂಪಾಯಿ. ಮಳೆಗಾಲದ 24,000ದ ಪಕ್ಕದಲ್ಲಿ ಇದು ದೊಡ್ಡ ಮೊತ್ತ ಅಲ್ವಾ? ಹೌದು, ದೊಡ್ಡದೇ. ಆದರೆ ಮೂರು–ನಾಲ್ಕು ಮರಿ ಹೆಚ್ಚು ಉಳಿದರೆ ಅದರಲ್ಲೇ ಬಹುಪಾಲು ವಾಪಸ್ ಬರುತ್ತದೆ. ಉಳಿದ ಮರಿಗಳ ತೂಕ ಬೇರೆ.

ಹಿಂಡಿ ಮಾರುವವನು ಹಿಂಡಿ ಕೊಡಿ ಅನ್ನದೆ ಇನ್ನೇನು ಅಂದಾನು ಅಂತ ನಿಮ್ಮ ಅಧಿಕಾರಿಗಳು ನಗಬಹುದು. ನಗಲಿ. ನನ್ನ ಅಂಗಡಿಯಿಂದ ಒಂದು ಚೀಲವೂ ಹೋಗುವುದು ಬೇಡ, ಸಹಕಾರ ಸಂಘದಿಂದಲೇ ಕೊಡಿ. ಆದರೆ ದಯವಿಟ್ಟು ಎಮ್ಮೆ–ಆಕಳಿನ ಫೀಡ್ ಚೀಲಕ್ಕೇ ಕುರಿಯ ಚಿತ್ರ ಅಂಟಿಸಿ ಕಳಿಸಬೇಡಿ. ಕೆಲವು ದನದ ಫೀಡ್‌ನಲ್ಲಿ ಯೂರಿಯಾ ಇರುತ್ತದೆ. ಹೊಟ್ಟೆ ಇನ್ನೂ ಬಲಿಯದ ಮರಿಗೆ ಅದು ವಿಷ. ದನದ ಖನಿಜ ಪುಡಿಯಲ್ಲಿ ತಾಮ್ರ ಹೆಚ್ಚು. ಕುರಿಯ ಯಕೃತ್ತು ಅಂದರೆ ಲಿವರ್ ಅದನ್ನು ಹೊರಹಾಕದೆ ಕೂಡಿಟ್ಟುಕೊಳ್ಳುತ್ತದೆ, ಎಷ್ಟೋ ವಾರದ ನಂತರ ಒಂದು ದಿನ ಕುರಿ ಇದ್ದಕ್ಕಿದ್ದಂತೆ ಬೀಳುತ್ತದೆ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದರ ಅಫ್ಲಾಟಾಕ್ಸಿನ್ ಅನ್ನುವ ವಿಷ ಕೂಡ ಲಿವರ್‌ಗೇ ಹೊಡೆಯುತ್ತದೆ. ಟೆಂಡರ್ ಬರೆಯುವವರು ಈ ಮೂರನ್ನು ಬರೆದುಕೊಂಡರೆ ಸಾಕು.

ಮೇವಿಗಿಂತ ಮುಂಚೆ ಲಸಿಕೆ ಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಕರುಳುಬೇನೆ ಬಡವಾದ ಮರಿಗೆ ಬರುವುದು ಕಡಿಮೆ. ಚೆನ್ನಾಗಿ ತಿಂದ, ಹಿಂಡಿನಲ್ಲೇ ದಷ್ಟಪುಷ್ಟವಾದ ಮರಿಯನ್ನೇ ಅದು ಹಿಡಿಯುವುದು. ಕಾಳು ಜಾಸ್ತಿಯಾದಾಗ, ಇಲ್ಲವೇ ಮಳೆ ಬಿದ್ದ ಮೇಲೆ ಎಳೆ ಹುಲ್ಲಿಗೆ ಒಮ್ಮೆಲೇ ಬಿಟ್ಟಾಗ, ಕರುಳಲ್ಲಿ ಮೊದಲೇ ಇದ್ದ ಕ್ಲಾಸ್ಟ್ರಿಡಿಯಮ್ ಅನ್ನುವ ಬ್ಯಾಕ್ಟೀರಿಯಾ ಉಕ್ಕಿ ವಿಷ ಬಿಡುತ್ತದೆ. ಸಂಜೆ ಕುಣಿದ ಮರಿ ಬೆಳಿಗ್ಗೆ ಕಾಲು ಚಾಚಿ ಸತ್ತಿರುತ್ತದೆ. ಯಾರದೋ ಕಣ್ಣು ಬಿತ್ತು ಅನ್ನುತ್ತಾರೆ. ಹಿಂಡಿ ಕೊಟ್ಟು ಲಸಿಕೆ ಬಿಟ್ಟರೆ ಹಿಂಡಿಗೇ ಕೆಟ್ಟ ಹೆಸರು ಬರುತ್ತದೆ.

ಇದಕ್ಕೆ ಲಸಿಕೆ ಇದೆ. ಪಶುಗಳ ಲಸಿಕೆ ತಯಾರಿಸುವ ನಿಮ್ಮದೇ ಸಂಸ್ಥೆ ಇಲ್ಲೇ ಔಂಧ್‌ನಲ್ಲಿದೆ. ಸಾಮಾನ್ಯವಾಗಿ ಹಾಕುವುದು ಮಳೆಗಾಲದ ಮುಂಚೆ. ಅದು ದೊಡ್ಡ ಕುರಿಗೆ ಸರಿ. ಆದರೆ ಈಯುವುದಕ್ಕೆ ಒಂದು ತಿಂಗಳು ಮುಂಚೆ ಗಬ್ಬದ ಕುರಿಗೆ ಇನ್ನೊಂದು ಡೋಸ್ ಹಾಕಿದರೆ ಅದರ ಬಲ ಗಿಣ್ಣದಲ್ಲಿ ಮರಿಗೆ ಇಳಿಯುತ್ತದೆ. ಮೇವಿನ ಚೀಲ ಹಂಚುವ ದಿನವೇ ಸೂಜಿಯನ್ನೂ ತಂದರೆ ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತವೆ.

ತೊಡಕು ಎಲ್ಲಿದೆ ಅಂದರೆ, ಹಿಂಡು ಆಗ ಊರಲ್ಲಿ ಇರುವುದಿಲ್ಲ. ಒಬ್ಬ ಗಿರಾಕಿ ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಒಂದು ಸರ್ಕಾರಿ ದವಾಖಾನೆಗೆ ಹೋಗಿದ್ದ. ನಿಮ್ಮ ತಾಲ್ಲೂಕಿಗೆ ಹೋಗಿ ಅಂದರಂತೆ. ಅವನ ತಾಲ್ಲೂಕು ಐದು ದಿನದ ನಡಿಗೆ. ಕುರಿಯ ಕಿವಿಯಲ್ಲಿ 12 ಅಂಕಿಯ ಬಿಲ್ಲೆ ಹೊಡೆಯುವುದು ಯಾತಕ್ಕೆ ಹಾಗಾದರೆ? ಬಿಲ್ಲೆ ಇದ್ದ ಕುರಿಗೆ ಯಾವ ತಾಲ್ಲೂಕಿನಲ್ಲಾದರೂ ಲಸಿಕೆ ಹಾಕಬೇಕು ಅಂತ ಒಂದು ಸುತ್ತೋಲೆ ಸಾಕು. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಗಾಡಿಗಳನ್ನು ನವೆಂಬರ್‌ನಲ್ಲಿ ಕಬ್ಬಿನ ಹೊಲಗಳ ಕಡೆ ತಿರುಗಿಸಿ. ಗಡಿಯಾಚೆಯಿಂದ ಬಂದ ಹಿಂಡನ್ನೂ ಬಿಡಬೇಡಿ. ರೋಗಕ್ಕೆ ಬೆಳಗಾವಿ ಯಾವುದು, ಪುಣೆ ಯಾವುದು ಗೊತ್ತಾಗುವುದಿಲ್ಲ.

ಇನ್ನು ಮೇಯುವ ನೆಲದ ಮಾತು. ಆಷಾಢದಲ್ಲಿ ತುಕಾರಾಮ ಮಹಾರಾಜರ ಪಾಲಕಿ ಕಾಟೇವಾಡಿಗೆ ಬಂದಾಗ ಕುರಿಗಳು ಅದಕ್ಕೆ ಸುತ್ತು ಬರುತ್ತವೆ. ಟೀವಿಯಲ್ಲಿ ಎಲ್ಲರೂ ನೋಡಿ ಕೈ ಮುಗಿಯುತ್ತಾರೆ. ಅವೇ ಕುರಿ ಮರುದಿನ ಎಲ್ಲಿ ಮೇಯುತ್ತವೆ ಅಂತ ಕೇಳುವವರಿಲ್ಲ. ಹಿಂದೆ ಧನಗರರು ಮಳೆಗಾಲವನ್ನು ಪೂರ್ವ ದಿಕ್ಕಿನ ಒಣನಾಡಿನಲ್ಲಿ ಕಳೆದು, ಮಳೆ ಮುಗಿದ ಮೇಲೆ ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತಿದ್ದರು. ಈಗಲೂ ಕೆಲವರು ಹೋಗುತ್ತಾರೆ. ಅದರಲ್ಲಿ ದೊಡ್ಡ ಜಾಣತನ ಇದೆ. ಕುರಿಯ ರಕ್ತ ಹೀರುವ ಹಿಮೊಂಕಸ್ ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಬೆಚ್ಚಗೆ, ತೇವ ಇದ್ದರೆ ಒಂದು ವಾರದೊಳಗೆ ಅದರ ಮರಿಹುಳು ಹುಲ್ಲಿನ ಬುಡ ಹತ್ತಿ ಕೂತಿರುತ್ತದೆ. ಹಿಂಡು ಅಷ್ಟರೊಳಗೆ ಮುಂದಿನ ಊರಿಗೆ ಹೋಗಿರುತ್ತಿತ್ತು. ಈಗ ವಾಘೋಲಿ, ಫುರ್ಸುಂಗಿ ಕಡೆ ನೋಡಿ. ಗಾಯರಾಣ, ಅಂದರೆ ಊರಿನ ಗೋಮಾಳ, ಇದ್ದಲ್ಲಿ ಲೇಔಟ್, ಹಾದಿ ಇದ್ದಲ್ಲಿ ಕಾಂಪೌಂಡ್. ಉಳಿದ ಒಂದು ತುಂಡು ನೆಲದಲ್ಲಿ ಇದ್ದಬದ್ದ ಹಿಂಡೆಲ್ಲ ತಿಂಗಳುಗಟ್ಟಲೆ ಮೇಯುತ್ತವೆ. ಮರಿ ಹುಲ್ಲನ್ನು ಬುಡಮಟ್ಟ ಕಚ್ಚುತ್ತದೆ, ಹುಳುವನ್ನೂ ತಿನ್ನುತ್ತದೆ. ಆಮೇಲೆ ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋಲುತ್ತದೆ. ಕಣ್ಣಿನ ಒಳರೆಪ್ಪೆ ಬಿಡಿಸಿದರೆ ಸುಣ್ಣದ ಬಿಳಿ.

ಆಗ ನನ್ನ ಅಂಗಡಿಗೆ ಓಡಿಬಂದು "ಆ ಬಿಳಿ ಔಷಧಿ ಕೊಡ್ರಿ" ಅನ್ನುತ್ತಾರೆ. ಅಲ್ಬೆಂಡಜೋಲ್. ಇಡೀ ಹಿಂಡಿಗೆ, ಕಣ್ಣಳತೆಯಲ್ಲಿ, ಪದೇ ಪದೇ. ಅದನ್ನು ತಿಂದೂ ಸಾಯದ ಹುಳುಗಳೇ ಈಗ ಉಳಿಯುತ್ತಿವೆ. ರೆಪ್ಪೆ ಬಿಳಿಚಿದ್ದವಕ್ಕೆ ಮಾತ್ರ ತೂಕ ನೋಡಿ ಕುಡಿಸಿ, ಬೇಸಾಯದವರು ಬಿಟ್ಟ ಹೊಲ ಮೇಯಿಸಿ, ಇಬ್ಬನಿ ಆರಿದ ಮೇಲೆ ಹೊರಡಿಸಿ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ? ನಿಮ್ಮ ಡಾಕ್ಟರು ಹೇಳಬೇಕು, ಒಂದು ಸಲ ಹಿಂಡಿನ ಮುಂದೆ ನಿಂತು ರೆಪ್ಪೆ ಬಿಡಿಸಿ ತೋರಿಸಬೇಕು.

ಊರಿನ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಅಷ್ಟೂ ಗಾಯರಾಣ ತಿರುಗಿ ಬರುತ್ತದೆ ಅಂತ ನಾನು ನಂಬಿಲ್ಲ. ಉಳಿದಿರುವುದನ್ನಾದರೂ ನಾಲ್ಕು ಭಾಗ ಮಾಡಿ, ಒಂದು ಮೇಯುವಾಗ ಮೂರಕ್ಕೆ ಬಿಡುವು ಕೊಡಿ. ಬದುವಿನ ಮೇಲೆ ಜಾಲಿ, ಸುಬಾಬುಲ್, ಚೊಗಚೆ ಹಾಕಿಸಿ. ಎತ್ತರದ ಸೊಪ್ಪಿನ ಮೇಲೆ ಈ ಹುಳು ಹತ್ತುವುದಿಲ್ಲ, ಬೇಸಿಗೆಯಲ್ಲಿ ಜಾಲಿಕಾಯಿ ಮರಿಗೆ ಒಳ್ಳೆಯ ಮೇವು. ಹೊಸ ರಿಂಗ್ ರೋಡ್ ಕೆಳಗೆ ಹಿಂಡು ದಾಟುವಷ್ಟು ದಾರಿ ಇಡಿಸಿ.

ಫಲ್ಟಣದಲ್ಲಿ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಸುಂದರಬನದ ಗರೋಲ್ ಕುರಿಯ ಗುಣ ತಂದು ಅವಳಿ ಮರಿ ಹಾಕುವ ಸುವರ್ಣ ತಳಿ ಮಾಡಿದ್ದಾರೆ. ಬಹಳ ಜನ ಕೇಳುತ್ತಿದ್ದಾರೆ. ಅವಳಿ ಅಂದರೆ ಒಂದೇ ಕೆಚ್ಚಲಿಗೆ ಎರಡು ಬಾಯಿ. ಮೇಲೆ ಹೇಳಿದ ಲೆಕ್ಕ ಅಲ್ಲಿ ಇನ್ನೂ ಬಿಗಿ.

ಪಶುಸಂವರ್ಧನ ಆಯುಕ್ತರ ಕಚೇರಿ ಔಂಧ್‌ನಲ್ಲಿದೆ, ಕುರಿ–ಮೇಕೆ ಮಹಾಮಂಡಳ (ನಿಗಮ) ಗೋಖಲೆನಗರದಲ್ಲಿದೆ. ಎರಡೂ ನಮ್ಮ ಪುಣೆಯಲ್ಲೇ. ದಸರಾ ಒಳಗೆ ಆದೇಶ ಹೊರಟರೆ ಈ ಸಲದ ಗಬ್ಬದ ಕುರಿಗೇ ಮೇವು ತಲುಪುತ್ತದೆ. ತಡವಾದರೆ ಮುಂದಿನ ವರ್ಷದ ಮಾತು. ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ ಅನಿಸಿದರೆ ದೌಂಡ್, ಇಂದಾಪುರ ಎರಡೇ ತಾಲ್ಲೂಕಿನಲ್ಲಿ ಮಾಡಿ ನೋಡಿ. ಅರ್ಧ ಹಿಂಡುಗಳಿಗೆ ಮೇವು ಮತ್ತು ಲಸಿಕೆ ಕೊಡಿ, ಉಳಿದವು ಈಗಿನಂತೆಯೇ ಇರಲಿ. ಮೂರು ತಿಂಗಳಿಗೆ ಎರಡೂ ಕಡೆಯ ಮರಿಗಳನ್ನು ತೂಗಿಸಿ, ಸತ್ತವನ್ನೂ ಎಣಿಸಿ, ಅಂಕಿಯನ್ನು ಎಲ್ಲರ ಮುಂದೆ ಇಡಿ. ತೂಗಲು ಆಳು ಸಾಲದಿದ್ದರೆ ನನ್ನ ಅಂಗಡಿಯ ತಕ್ಕಡಿ ತೆಗೆದುಕೊಂಡು ನಾನೇ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಿಂಡಿ ವ್ಯಾಪಾರಿ
ಸೋಲಾಪುರ ರಸ್ತೆ, ಪುಣೆ