ನಕ್ಷೆಯ ಮೂಲೆಯಲ್ಲಿ ತಾರೀಖು ಇರಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಮೆಟ್ರೊದ ಹೊಸ ಮಾರ್ಗ ತೆರೆದಾಗಲೆಲ್ಲ ಎಷ್ಟು ಕಿಲೋಮೀಟರ್, ಎಷ್ಟು ನಿಲ್ದಾಣ, ಎಷ್ಟು ಕೋಟಿ ಎಂಬ ಚರ್ಚೆ ಪತ್ರಿಕೆಗಳಲ್ಲಿ ಧಾರಾಳವಾಗಿ ನಡೆಯುತ್ತದೆ. ಮಾರ್ಗ ತೆರೆದ ದಿನವೇ ಹಳತಾಗಿಬಿಡುವ ನಕ್ಷೆಗಳನ್ನೂ ದಾರಿ ತೋರುವ ಫಲಕಗಳನ್ನೂ ಯಾರು, ಎಷ್ಟು ದಿನದೊಳಗೆ ಬದಲಿಸಬೇಕು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರೇ ನಿಲ್ದಾಣಗಳಿದ್ದಾಗ ನಕ್ಷೆ ಎಂದರೆ ಒಂದು ಗೆರೆ, ಆರು ಚುಕ್ಕೆ. ಮುಂದೆ ಮಾರ್ಗ ಬೆಳೆದದ್ದು ತುಣುಕು ತುಣುಕಾಗಿ. 2014ರಲ್ಲಿ ಹಸಿರು ಮಾರ್ಗದ ಮೊದಲ ಭಾಗ ಬಂತು, 2017ರಲ್ಲಿ ಎರಡೂ ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಕೂಡಿದವು, 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೂ ಕೆಂಗೇರಿಯವರೆಗೂ ವಿಸ್ತರಣೆಯಾಯಿತು. 2023ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನೇರಳೆ ಮಾರ್ಗ ಎರಡು ತುಂಡಾಗಿಯೇ ಓಡಿತು. ಕೃಷ್ಣರಾಜಪುರ ಮತ್ತು ಬೈಯಪ್ಪನಹಳ್ಳಿಗಳ ನಡುವೆ ಪ್ರಯಾಣಿಕರು ಬಸ್ ಹಿಡಿಯಬೇಕಿತ್ತು. ಅಂಥ ತಾತ್ಕಾಲಿಕ ವ್ಯವಸ್ಥೆಗೂ ನಕ್ಷೆ ಬೇಕು, ಅದು ಮುಗಿದ ದಿನ ಆ ನಕ್ಷೆಯನ್ನು ತೆಗೆಯುವವರೂ ಬೇಕು. ಆಮೇಲೆ 2024ರ ನವೆಂಬರ್‌ನಲ್ಲಿ ಮಾದಾವರ, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ.

ಇವುಗಳಲ್ಲಿ ಮಾದಾವರದ ವಿಸ್ತರಣೆಯನ್ನೇ ನೋಡಿ. ಸೇರಿದ್ದು ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಎಂಬ ಮೂರು ನಿಲ್ದಾಣ, ಮೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು ದೂರ. ಆದರೆ ರೈಲು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ನಾವು ಕೊನೆಯ ನಿಲ್ದಾಣದ ಹೆಸರಿನಿಂದ ಸೂಚಿಸುವ ಪದ್ಧತಿ ಇಟ್ಟುಕೊಂಡಿರುವುದರಿಂದ, 'ನಾಗಸಂದ್ರದ ಕಡೆಗೆ' ಎಂದಿದ್ದ ಪ್ರತಿಯೊಂದು ಬರಹವೂ ಆ ಒಂದೇ ದಿನ ತಪ್ಪಾಯಿತು. ಜಯನಗರದಲ್ಲಿ ಮೆಟ್ಟಿಲು ಹತ್ತುವ ಕಡೆ ಇರುವ ಬಾಣದ ಗುರುತು, ಪ್ಲಾಟ್‌ಫಾರಂ ಮೇಲಿನ ತೂಗುಫಲಕ, ಬೋಗಿಯ ಬಾಗಿಲ ಮೇಲಿನ ಮಾರ್ಗಪಟ್ಟಿ, ಟಿಕೆಟ್ ಕೌಂಟರ್ ಬಳಿಯ ದರಪಟ್ಟಿ, ಧ್ವನಿಮುದ್ರಿತ ಪ್ರಕಟಣೆ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಮೂರು ನಿಲ್ದಾಣ ಕಟ್ಟಿದ್ದಕ್ಕೆ ಇಡೀ ಹಸಿರು ಮಾರ್ಗದ ಫಲಕಗಳನ್ನು ಮುಟ್ಟಬೇಕಾಗುತ್ತದೆ. ನೇರಳೆ ಮಾರ್ಗದ ಪಶ್ಚಿಮ ತುದಿಯಂತೂ ಮೈಸೂರು ರಸ್ತೆ, ಕೆಂಗೇರಿ, ಚಲ್ಲಘಟ್ಟ ಎಂದು ಎರಡೇ ವರ್ಷಗಳಲ್ಲಿ ಎರಡು ಬಾರಿ ಸರಿದಿದೆ. ದಿಕ್ಕನ್ನು ಮೊದಲು ಪ್ಲಾಟ್‌ಫಾರಂ ಸಂಖ್ಯೆಯಿಂದ ಗುರುತಿಸಿ, ಕೊನೆಯ ನಿಲ್ದಾಣದ ಹೆಸರನ್ನು ಕಳಚಿ ಹಾಕಬಹುದಾದ ಪ್ರತ್ಯೇಕ ಪಟ್ಟಿಯಲ್ಲಿ ಬರೆದರೆ ಈ ಕೆಲಸದ ಅರ್ಧ ಭಾರ ಇಳಿದೀತು.

ನಾನು ಬಹುಕಾಲ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಯಾವುದೇ ಕಾಮಗಾರಿಯ ನಕ್ಷೆಯ ಕೆಳಗಿನ ಬಲಮೂಲೆಯಲ್ಲಿ ನಕ್ಷೆಯ ಸಂಖ್ಯೆ, ಎಷ್ಟನೆಯ ಪರಿಷ್ಕರಣೆ, ಅದರ ತಾರೀಖು, ಬರೆದವರ ಮತ್ತು ಪರಿಶೀಲಿಸಿದವರ ಸಹಿ ಇರಲೇಬೇಕು. ಹೊಸ ಪ್ರತಿ ಹೊರಟ ಕೂಡಲೇ ಹಳೆಯದರ ಮೇಲೆ 'ರದ್ದು' ಎಂಬ ಮೊಹರು ಬೀಳಬೇಕು. ಒಂದು ಮೋರಿ ಕಟ್ಟಲು ನಾವು ಇಟ್ಟುಕೊಂಡಿರುವ ಈ ಶಿಸ್ತು ಲಕ್ಷಾಂತರ ಜನ ದಿನವೂ ನೋಡುವ ನಕ್ಷೆಗೆ ಯಾಕಿರಬಾರದು? 'ಈ ನಕ್ಷೆ ಇಂಥ ತಿಂಗಳಿನದು' ಎಂದು ಪ್ರಯಾಣಿಕರಿಗೆ ಕಾಣುವ ಅಕ್ಷರದಲ್ಲಿ ಮೂಲೆಯಲ್ಲಿ ಅಚ್ಚಾಗಿದ್ದರೆ, ಅದು ಹಳೆಯದೋ ಹೊಸದೋ ಎಂದು ಊರಿಗೆ ಹೊಸಬರಾದವರೂ ತಿಳಿಯಬಲ್ಲರು. ಇದಕ್ಕೆ ಖರ್ಚಂತೂ ಇಲ್ಲ.

ಖರ್ಚಾಗುವುದು ಪಟ್ಟಿ ಇಡುವುದಕ್ಕೆ. ಪ್ರತಿ ನಿಲ್ದಾಣದ ಪ್ರತಿ ಫಲಕಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ಎಲ್ಲಿದೆ, ಏನು ಬರೆದಿದೆ, ಯಾವ ಅಳತೆಯದು, ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂಬುದನ್ನು ಒಂದೆಡೆ ದಾಖಲಿಸದೆ ಹೋದರೆ, ಹೆಸರು ಬದಲಾದಾಗ ಎಷ್ಟು ಫಲಕ ಬದಲಿಸಬೇಕೆಂಬುದೇ ತಿಳಿಯುವುದಿಲ್ಲ. ಆಗ ಕೈಗೆ ಸಿಗುವ ಉಪಾಯ ಸ್ಟಿಕರ್ ಒಂದೇ. 2017ರಲ್ಲಿ ಫಲಕಗಳ ಹಿಂದಿ ಬರಹವನ್ನು ಪಟ್ಟಿ ಅಂಟಿಸಿ ಮುಚ್ಚಿದ್ದು ಹಲವರಿಗೆ ನೆನಪಿರಬಹುದು. ಆ ನಿರ್ಧಾರ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಅಂಟಿಸಿದ್ದು ಎಂದಾದರೂ ಕಿತ್ತುಬರುತ್ತದೆ.

ಹೆಸರುಗಳ ಉದ್ದವೂ ಯೋಚಿಸಬೇಕಾದ ವಿಷಯ. ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಈ ಮಹನೀಯರಿಗೆ ಸಲ್ಲುವ ಗೌರವದ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಬಾಗಿಲ ಮೇಲಿನ ಕಿರಿದಾದ ಪಟ್ಟಿಯಲ್ಲಿ ಇವನ್ನು ಪೂರ್ತಿಯಾಗಿ ತುಂಬಿಸಲು ಹೊರಟರೆ ಅಕ್ಷರ ಕುಗ್ಗುತ್ತದೆ, ಕುಗ್ಗಿದಾಗ ಮೊದಲು ಅಳಿಸಿದಂತೆ ಕಾಣುವುದು ಕನ್ನಡದ ಒತ್ತಕ್ಷರಗಳು. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕೆಂಬುದನ್ನು ಇಂಗ್ಲಿಷ್ ಅಳತೆಗೆ ಫಲಕ ವಿನ್ಯಾಸ ಮಾಡುವವರು ಮರೆಯುತ್ತಾರೆ. ನಿಲ್ದಾಣದ ಹೆಸರಿಗೆ ಒಪ್ಪಂದದ ಮೇರೆಗೆ ಕಂಪನಿಯ ಹೆಸರೂ ಸೇರಿಕೊಂಡರೆ ಇನ್ನೊಂದು ತೊಡಕಿದೆ: ಅಂಥ ಒಪ್ಪಂದ ಮುಗಿದ ದಿನ ಮತ್ತೆ ಎಲ್ಲ ಫಲಕಗಳನ್ನೂ ಬದಲಿಸಬೇಕಾಗುತ್ತದೆ. ಆ ವೆಚ್ಚವನ್ನು ಯಾರು ಭರಿಸಬೇಕೆಂಬುದು ಒಪ್ಪಂದದಲ್ಲೇ ಸ್ಪಷ್ಟವಾಗಿರಬೇಕು.

ಇದಕ್ಕೆ ಪರಿಹಾರ ನಮ್ಮ ರೈಲ್ವೆಯಲ್ಲೇ ಇದೆ. ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟ ಮೇಲೂ ಅದರ ಸಂಕೇತ ಎಸ್‌ಬಿಸಿ ಎಂದೇ ಉಳಿಯಿತು, ಟಿಕೆಟ್ ಕಾಯ್ದಿರಿಸುವವರಿಗೆ ಗೊಂದಲವಾಗಲಿಲ್ಲ. ಸಿಂಗಪುರದ ಮೆಟ್ರೊ ನಿಲ್ದಾಣಗಳಿಗೆ ಅಕ್ಷರ ಮತ್ತು ಅಂಕಿ ಸೇರಿದ ಸಂಕೇತಗಳಿವೆ. ಟೋಕಿಯೊ 2004ರಲ್ಲಿ ಅದನ್ನೇ ಅಳವಡಿಸಿಕೊಂಡಿತು. ನಮ್ಮಲ್ಲೂ ಅಂಥ ಸಂಕೇತ ಬಂದರೆ ಓದಲು ಬಾರದವರಿಗೂ ಬಣ್ಣಗಳಲ್ಲಿ ವ್ಯತ್ಯಾಸ ಕಾಣದವರಿಗೂ ನೆರವಾಗುತ್ತದೆ. ನೇರಳೆಯ ಪಕ್ಕಕ್ಕೆ ನೀಲಿ ಬಂದಾಗ, ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಆ ಎರಡು ಗೆರೆಗಳು ಒಂದೇ ಆಗಿ ಕಾಣಬಹುದು. ಬಣ್ಣವನ್ನಷ್ಟೇ ನಂಬಿ ನಕ್ಷೆ ಬರೆಯುವ ಕಾಲ ಎರಡು ಮಾರ್ಗಗಳಿದ್ದಾಗಲೇ ಮುಗಿಯಿತು.

ಬಸ್ಸಿನ ವಿಷಯ ಬೇರೆಯೇ ಪತ್ರ ಬೇಡುತ್ತದೆ. ಜಾಹೀರಾತಿಗೆ ದೀಪ ಉರಿಯುವ ತಂಗುದಾಣದಲ್ಲಿ ನಿಲ್ದಾಣದ ಹೆಸರಿಗೂ ಅಲ್ಲಿ ನಿಲ್ಲುವ ಬಸ್ಸುಗಳ ಸಂಖ್ಯೆಗೂ ಅಷ್ಟೇ ಬೆಳಕು ಸಿಗಲಿ ಎಂಬುದಿಷ್ಟೇ ಇಲ್ಲಿಯ ಕೋರಿಕೆ. ಮೆಟ್ರೊದ ಯಾವ ದ್ವಾರದಿಂದ ಹೊರಬಂದರೆ ಯಾವ ಬಸ್ ಸಿಗುತ್ತದೆ ಎಂಬುದನ್ನು ಎರಡೂ ಸಂಸ್ಥೆಗಳು ಕೂಡಿ ಬರೆಯಬೇಕು. ಒಂದರ ಮಾರ್ಗ ಬದಲಾದಾಗ ಇನ್ನೊಂದಕ್ಕೆ ತಿಳಿಸುವ ಹೊಣೆ ನಿರ್ದಿಷ್ಟ ಅಧಿಕಾರಿಯ ಮೇಲಿರಬೇಕು.

ಗುಲಾಬಿ ಮತ್ತು ನೀಲಿ ಮಾರ್ಗಗಳು ಪೂರ್ತಿಯಾದಾಗ ಜಯದೇವ, ಮಹಾತ್ಮ ಗಾಂಧಿ ರಸ್ತೆ, ಸಿಲ್ಕ್ ಬೋರ್ಡ್, ಕೃಷ್ಣರಾಜಪುರ ಮತ್ತು ನಾಗವಾರ ಮಾರ್ಗ ಬದಲಿಸುವ ನಿಲ್ದಾಣಗಳಾಗುತ್ತವೆ. ಈಗ ಮೆಜೆಸ್ಟಿಕ್ ಮತ್ತು ಆರ್.ವಿ. ರಸ್ತೆಗಳಲ್ಲಿ ನಡೆಯುವ ಗಡಿಬಿಡಿಯ ಓಡಾಟ ಅಲ್ಲೆಲ್ಲ ಆರಂಭವಾಗುತ್ತದೆ. ಪ್ರತಿ ಉದ್ಘಾಟನೆಗೆ ಮುನ್ನ ಸುರಕ್ಷತಾ ಆಯುಕ್ತರ ತಪಾಸಣೆ ನಡೆಯುವಂತೆ, ಇಡೀ ಜಾಲದ ಫಲಕಗಳ ತಪಾಸಣೆಯೂ ನಡೆದು ಅದರ ವರದಿ ಪ್ರಕಟವಾಗಲಿ. ತಪ್ಪು ಕಂಡ ಪ್ರಯಾಣಿಕರು ತಿಳಿಸಲು ಅನುಕೂಲವಾಗುವಂತೆ ಫಲಕದ ಸಂಖ್ಯೆಯನ್ನೂ ಒಂದು ದೂರವಾಣಿ ಸಂಖ್ಯೆಯನ್ನೂ ಫಲಕದ ಕೆಳ ಅಂಚಿನಲ್ಲಿ ಮುದ್ರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರನ್ನು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ನಕ್ಷೆಗಾರ,
ವಿಜಯನಗರ, ಬೆಂಗಳೂರು