ಮಾರ್ಚ್ ಕಳೆದ ಮೇಲೆ ಯಾರು ಉಳಿಯುತ್ತಾರೆ?

ಗೆಳೆಯಾ,

ಅವತ್ತು ಫೋನಿನಲ್ಲಿ ಕೇಳಿದೆಯಲ್ಲ, "ವಲಸೆ ಬಗ್ಗೆ ಸಂಶೋಧನೆ ಮಾಡೋಕೆ ಮುಂಬೈಯಲ್ಲಿ ಒಂದು ಗುಂಪು ಕಟ್ತೀವಿ ಅಂತಿದ್ರಿ, ಎಲ್ಲಿಗೆ ಬಂತು?" ಅಂತ. ಲೋಕಲ್ ರೈಲಿನ ಗದ್ದಲದಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ಸರಿಯಾದ ಉತ್ತರ ಇಲ್ಲಿದೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ನಿನ್ನಂಥ ಇನ್ನೂ ಹಲವು ಮೇಷ್ಟ್ರುಗಳ ಕೆಲಸ ಇದೆ.

ಮೊದಲು ಒಳ್ಳೆಯ ಸುದ್ದಿ. ಗುಂಪು ಇದೆ. ಕೆಲವು ಕಾಲೇಜುಗಳ ಮೇಷ್ಟ್ರುಗಳು, ಎಂ.ಎ. ಓದುವ ಹುಡುಗ ಹುಡುಗಿಯರು ಶನಿವಾರ ಮಧ್ಯಾಹ್ನ ಸೇರುತ್ತೇವೆ. ಒಬ್ಬರು ಒಂದು ಲೇಖನ ಓದಿಕೊಂಡು ಬರುತ್ತಾರೆ, ಉಳಿದವರು ಅದರ ಮೇಲೆ ಜಗಳ ಆಡುತ್ತೇವೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕಾ? 1936ರಲ್ಲಿ ಶುರುವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ದೇವನಾರ್‌ನಲ್ಲಿದೆ. 1956ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಅಲ್ಲೇ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ಮುಂಬೈ ಕನ್ನಡಿಗರ ಬದುಕು ಬರಹದ ಮೇಲೆ ಅಲ್ಲಿ ವರ್ಷಗಳಿಂದ ಕೆಲಸ ಆಗಿದೆ. ಎಣಿಸಲು ಬಲ್ಲವರು, ನೆನಪಿಡಲು ಬಲ್ಲವರು ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಇವರನ್ನೆಲ್ಲ ಒಂದು ಮೇಜಿಗೆ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು ಅಂತ ನಾವು ಹುರುಪಿನಲ್ಲಿದ್ದೆವು.

ಆಮೇಲೆ ನಾಕಾಕ್ಕೆ ಹೋದೆವು, ಕೂಲಿಯವರು ಬೆಳಿಗ್ಗೆ ಕೆಲಸಕ್ಕಾಗಿ ಬಂದು ನಿಲ್ಲುವ ವೃತ್ತಕ್ಕೆ.

ಮುಂಬೈ ಕನ್ನಡಿಗ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವವರು ಕರಾವಳಿಯವರು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1942ರಲ್ಲಿ ರಾಮ ನಾಯಕರು ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ರಾತ್ರಿಶಾಲೆಗೆ ಓಡಿದ ಹುಡುಗರು. ಅವರು ಪಟ್ಟ ಕಷ್ಟ ಸಣ್ಣದಲ್ಲ. ಆದರೆ ಅವರಿಗೆ ಸಂಘ ಇದೆ, ಸ್ಮರಣ ಸಂಚಿಕೆ ಇದೆ, ಗೋಡೆಯ ಮೇಲೆ ಹಿರಿಯರ ಫೋಟೊ ಇದೆ. ನವಿ ಮುಂಬೈ ನಾಕಾದಲ್ಲಿ ಬೆಳಗಾದರೆ ಬಂದು ನಿಲ್ಲುವ ನಿಮ್ಮ ಕಲಬುರಗಿ, ಯಾದಗಿರಿ ಕಡೆಯವರಿಗೆ ಏನಿದೆ ಹೇಳು? ಒಂದು ಗುದ್ದಲಿ, ಒಂದು ಬುಟ್ಟಿ, ಮೇಸ್ತ್ರಿಯ ಫೋನ್ ನಂಬರ್. ಅವರು ಆಡುವುದೂ ಕನ್ನಡವೇ.

ಇವರ ಬಗ್ಗೆ ನಾವು ಮಾಡುತ್ತಿರುವ ಸಮೀಕ್ಷೆಗೆ, ಪ್ರಶ್ನೆ ಕೇಳಿ ಬರೆದುಕೊಳ್ಳಲು, ಒಬ್ಬ ಹುಡುಗಿ ಬರುತ್ತಾಳೆ. ಬಿ.ಎ. ಮುಗಿಸಿದ್ದಾಳೆ. ಅಪ್ಪ ಅಮ್ಮ ತಾಂಡಾದಿಂದ ದುಡಿಯಲು ಬಂದವರು, ಇವಳು ಬೆಳೆದದ್ದು ಇಲ್ಲೇ. ಲಂಬಾಣಿ, ಕನ್ನಡ, ಮರಾಠಿ, ಹಿಂದಿ ನಾಲ್ಕೂ ಸಲೀಸು. ಅವತ್ತು ಯಾದಗಿರಿ ಕಡೆಯ ಒಬ್ಬ ಹೆಂಗಸನ್ನು ನಾನೇ ಮಾತಾಡಿಸಿದೆ. "ಯಾವ ತಿಂಗಳು ಬಂದ್ರಿ?" ಅಂದೆ. ಆಕೆ ನನ್ನ ಮುಖ ನೋಡಿದಳು, ಫಾರ್ಮ್ ನೋಡಿದಳು, ಸುಮ್ಮನಾದಳು. ನಮ್ಮ ಹುಡುಗಿ ಆಕೆಯ ಕೂಸನ್ನು ಇಸಿದುಕೊಂಡು ಸೊಂಟಕ್ಕೆ ಹಾಕಿಕೊಂಡಳು.

"ಜ್ವಾಳ ಕೊಯ್ದ ಮ್ಯಾಲ ಬಂದ್ಯೋ, ಮೊದ್ಲೋ ಅಕ್ಕಾ?"

"ಕೊಯ್ದು, ರಾಶಿ ಮಾಡೇ ಬಂದೀವಿ."

"ಹೋಗೂದು?"

"ಮಳಿ ಬಿದ್ರ ಹೊಂಡೂದು."

ಹುಡುಗಿ ಕೂಸನ್ನು ಇಳಿಸದೆಯೇ ಬರೆದಳು: ಮಾರ್ಚ್‌ನಿಂದ ಜೂನ್. ಅಷ್ಟೇ. ದುಡಿಯಲು ಊರು ಬಿಟ್ಟು ಒಂದು ತಿಂಗಳು ಇಲ್ಲವೇ ಜಾಸ್ತಿ, ಆದರೆ ಆರು ತಿಂಗಳಿಗಿಂತ ಕಡಿಮೆ ಹೊರಗಿದ್ದವರನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆ 2007-08ರಲ್ಲಿ ಬೇರೆಯಾಗಿ ಎಣಿಸಿತ್ತು. ಈ ಹೆಂಗಸು ಆ ಗುಂಪಿಗೆ ಸೇರಿದವಳು ಅಂತ ಗೊತ್ತಾಗಿದ್ದು ಜೋಳದ ಸುಗ್ಗಿ ಗೊತ್ತಿದ್ದ ಒಬ್ಬಳು ಅಲ್ಲಿ ನಿಂತಿದ್ದಕ್ಕೆ.

ಪಕ್ಕದಲ್ಲಿ ಕೂತಿದ್ದಾಕೆಯ ಕತೆ ಬೇರೆ. ಮದುವೆ ಆದಾಗಿನಿಂದ ಇಲ್ಲೇ ಇದ್ದಾಳೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಮಗಳು ಅಲ್ಲಿ ಹುಟ್ಟಿದಳು. ಮಗ ಹುಟ್ಟಿದ್ದು ಇಲ್ಲಿನ ಆಸ್ಪತ್ರೆಯಲ್ಲಿ. ಇಬ್ಬರೂ ಒಂದೇ ಖೋಲಿಯಲ್ಲಿ ಬೆಳೆದಿದ್ದಾರೆ, ಒಂದೇ ಶಾಲೆಗೆ ಹೋಗುತ್ತಾರೆ. ಹುಟ್ಟಿದ ಊರು ಹಿಡಿದು ಲೆಕ್ಕ ಹಾಕಿದರೆ ಅಕ್ಕ ವಲಸೆ ಬಂದವಳು, ತಮ್ಮ ಇಲ್ಲಿಯವನು! 2011ರ ಜನಗಣತಿಯಲ್ಲಿ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರು ಅಂತ ಬಂತು. ಅವರಲ್ಲಿ ಬಹುಪಾಲು ಹೆಂಗಸರು, ಕಾರಣ ಮದುವೆ. ಮುಂದಿನ ಜನಗಣತಿ 2027ಕ್ಕೆ. ಅಷ್ಟೂ ವರ್ಷ ನಾವೆಲ್ಲ ಆ ಹಳೆಯ ಅಂಕಿಯನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಿದ್ದೇವೆ. ನಡುವೆ 2016-17ರ ಆರ್ಥಿಕ ಸಮೀಕ್ಷೆಯವರು ರೈಲಿನ ಕಾಯ್ದಿರಿಸದ ಟಿಕೆಟ್‌ಗಳ ಲೆಕ್ಕ ಹಿಡಿದು, ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಅಂತ ಅಂದಾಜು ಮಾಡಿದರು. ಜಾಣತನದ ಕೆಲಸ, ನನಗೆ ಬಹಳ ಇಷ್ಟ ಅದು. ಆದರೆ ಮಗಳು ತವರಿನಲ್ಲಿ ಹುಟ್ಟಿದಳು ಅನ್ನುವುದನ್ನು ಟಿಕೆಟ್ ಹೇಳುವುದಿಲ್ಲ.

ನಾಕಾದಿಂದ ವಾಪಸ್ ಬರುವಾಗ ಆ ಹುಡುಗಿ ಹೇಳಿದಳು. "ಸರ್, ಮಾರ್ಚ್ ಆದ್ಮೇಲೆ ನಾನು ಗೋಡೌನಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತೀನಿ. ಮಾತಾಡಿ ಇಟ್ಟಿದ್ದೀನಿ." ಮಾರ್ಚ್‌ಗೆ ನಮ್ಮ ಪ್ರಾಜೆಕ್ಟ್ ದುಡ್ಡು ಮುಗಿಯುತ್ತದೆ. ದೂರು ಅಂತ ಹೇಳಿದ್ದಲ್ಲ, ನಮಗೆ ತೊಂದರೆ ಆಗಬಾರದು ಅಂತ ಮೊದಲೇ ತಿಳಿಸಿದಳು.

ಆವತ್ತಿನಿಂದ ನನಗೆ ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ವರದಿ ಬರುತ್ತದೆ, ಫೈಲು ಉಳಿಯುತ್ತದೆ, ನಮ್ಮ ಹೆಸರೂ ಉಳಿಯುತ್ತದೆ. ಪ್ರಶ್ನೆ ಹೇಗೆ ಕೇಳಬೇಕು ಅಂತ ಗೊತ್ತಿರುವವಳು ಡಬ್ಬಕ್ಕೆ ಟೇಪ್ ಹಚ್ಚಲು ಹೋಗುತ್ತಾಳೆ. ಮುಂದಿನ ಪ್ರಾಜೆಕ್ಟಿಗೆ ಮತ್ತೆ ಹೊಸ ಹುಡುಗರು, ಮತ್ತೆ ಎರಡು ದಿನದ ತರಬೇತಿ, ಮತ್ತೆ "ಯಾವ ತಿಂಗಳು ಬಂದ್ರಿ?" ವಿಶ್ವವಿದ್ಯಾಲಯದಲ್ಲಿ ಒಂದು ವಿಷಯ ಬೇರು ಬಿಡುವುದು ಕೆಲಸ ಬಲ್ಲವರು ಅಲ್ಲೇ ನಿಂತರೆ ತಾನೇ? ಕೇರಳದ ವಲಸೆ ಸಮೀಕ್ಷೆ ನೋಡು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ 1998ರಲ್ಲಿ ಝಕರಿಯಾ ಮತ್ತು ಇರುದಯ ರಾಜನ್ ಶುರು ಮಾಡಿದರು. ಸುಮಾರು ಐದು ವರ್ಷಕ್ಕೊಮ್ಮೆ ಬಿಡದೆ ನಡೆಯಿತು. ಅದಕ್ಕೇ ಗಲ್ಫಿಗೆ ಹೋದವರ ಬಗ್ಗೆ ಅಲ್ಲಿ ಯಾರೂ ಗಾಳಿಯಲ್ಲಿ ಮಾತಾಡುವುದಿಲ್ಲ.

ಯುರೋಪಿನಲ್ಲಿ ಇಮಿಸ್ಕೋ ಅಂತ ಒಂದು ಜಾಲ ಇದೆ. ವಲಸೆ ಮತ್ತು ಬಂದವರು ಹೊಸ ಊರಿನಲ್ಲಿ ಬೆರೆಯುವುದರ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳು ಸೇರಿ ಮಾಡಿಕೊಂಡಿದ್ದು. 2004ರಲ್ಲಿ ಐರೋಪ್ಯ ಒಕ್ಕೂಟದ ದುಡ್ಡಿನಿಂದ ಶುರುವಾಯಿತು. ಆ ದುಡ್ಡು ನಿಂತ ಮೇಲೆ, 2009ರಿಂದ, ಸದಸ್ಯ ಸಂಸ್ಥೆಗಳೇ ವಂತಿಗೆ ಹಾಕಿ ನಡೆಸಿಕೊಂಡು ಬಂದಿವೆ. ಪಿಎಚ್‌ಡಿ ಹುಡುಗರಿಗೇ ಅಂತ ಅದರೊಳಗೊಂದು ಜಾಲ, ವರ್ಷಕ್ಕೊಂದು ಸಮ್ಮೇಳನ. ಐರೋಪ್ಯ ಒಕ್ಕೂಟದಲ್ಲಿ ಟ್ವಿನ್ನಿಂಗ್ ಅನ್ನುವ ಪದ್ಧತಿಯೂ ಇದೆ. ಸಂಶೋಧನೆಯಲ್ಲಿ ಹಿಂದುಳಿದ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಬೇರೆ ದೇಶಗಳ ಕಡೇಪಕ್ಷ ಎರಡು ಗಟ್ಟಿ ಸಂಸ್ಥೆಗಳನ್ನು ಜೋಡಿಸುತ್ತಾರೆ. ಇವರು ಅವರಲ್ಲಿಗೆ ಹೋಗಿ ಕೂರುತ್ತಾರೆ, ಅವರು ಇವರಲ್ಲಿಗೆ ಬಂದು ಕಲಿಸುತ್ತಾರೆ.

ಅವರ ಪ್ರಶ್ನಾವಳಿ ತಂದು ಇಲ್ಲಿ ಹಂಚಿದರೆ ನಡೆಯುವುದಿಲ್ಲ, ಅದು ನನಗೂ ಗೊತ್ತು. ಅಲ್ಲಿ ವೀಸಾ, ಪೌರತ್ವ, ಭಾಷಾ ಪರೀಕ್ಷೆ. ಇಲ್ಲಿ ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕು ಸಂವಿಧಾನವೇ ಕೊಟ್ಟಿದೆ. ಆದರೂ ಮಹಾರಾಷ್ಟ್ರದಲ್ಲಿ ಡೊಮಿಸೈಲ್, ಅಂದರೆ ಇಲ್ಲಿಯ ಕಾಯಂ ನಿವಾಸಿ ಅನ್ನುವ ಪ್ರಮಾಣಪತ್ರ, ಬೇಕಾದರೆ 15 ವರ್ಷದ ವಾಸ ತೋರಿಸಬೇಕು. ಜೋಳ ಕೊಯ್ದು ಬಂದು ಮಳೆಗೆ ಹೋಗುವವಳು ಯಾವ 15 ವರ್ಷ ತೋರಿಸುತ್ತಾಳೆ? ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಇಲ್ಲಿರುವ ನಾಲ್ಕು ತಿಂಗಳ ಮಟ್ಟಿಗೆ ಆಕೆಯಂಥವರ ಮಕ್ಕಳು ಯಾವ ಶಾಲೆಗೆ ಹೋಗಬೇಕು? ಊರು ಇವರನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದನ್ನು ನಾವು ಇಲ್ಲಿಂದಲೇ ಕೇಳಲು ಶುರು ಮಾಡಬೇಕು.

ಈಗ ಹೇಳಬಾರದು ಅಂದುಕೊಂಡಿದ್ದ ಮಾತು. ಅಂಥ ಒಂದು ಜಾಲದ ಮೂಲಕ ನನಗೂ ಕರೆ ಬಂದಿದೆ. ಎರಡು ವರ್ಷ, ಹೊರದೇಶದ ವಿಶ್ವವಿದ್ಯಾಲಯದಲ್ಲಿ. ಇಲ್ಲಿ ನನ್ನದು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್, ಅದು ನಿನಗೆ ಗೊತ್ತು. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಪರ್ಮನೆಂಟ್ ಅಂದುಕೊಂಡು ಹೆಣ್ಣು ನೋಡುತ್ತಿದ್ದಾಳೆ. ನನಗೆ ಹೋಗಬೇಕು ಅಂತ ಇದೆ ಕಣೋ. ತುಂಬಾ ಇದೆ. ಒಂದು ಲೈಬ್ರರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಓದಬೇಕು, ಮುಂದಿನ ಜೂನ್‌ನಲ್ಲಿ ಏನು ಅಂತ ಯೋಚಿಸದೆ ಮಲಗಬೇಕು. ಆದರೆ ಶನಿವಾರ ಬಾಗಿಲು ತೆರೆಯುವವನು ನಾನು. ನಾನು ಹೋದರೆ ಆ ಹುಡುಗರು ಎರಡು ವಾರ ಬರುತ್ತಾರೆ, ಮೂರನೇ ವಾರ ಬರುವುದಿಲ್ಲ. ಉಳಿದರೆ ಆ ಹುಡುಗಿಗೆ ಏಪ್ರಿಲ್‌ನಲ್ಲಿ ಸಂಬಳ ಕೊಡುವ ಶಕ್ತಿ ನನಗಿದೆಯಾ? ಅದೂ ಇಲ್ಲ. ರಾತ್ರಿ ಇದನ್ನೇ ಯೋಚಿಸಿ ಯೋಚಿಸಿ ಅಳು ಬಂದಿದ್ದೂ ಇದೆ. ಸಾಕು, ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ನಾನು ಇದ್ದರೂ ಹೋದರೂ ಗುಂಪು ನಿಲ್ಲುವುದಕ್ಕೆ ನೀನು ಬೇಕು. ಯಾದಗಿರಿಯ ಆ ಹೆಂಗಸು ನಮಗೆ ನಾಲ್ಕು ತಿಂಗಳು ಕಾಣುತ್ತಾಳೆ, ಉಳಿದ ಎಂಟು ತಿಂಗಳು ನಿಮ್ಮ ಕಡೆ ಇರುತ್ತಾಳೆ. ಅರ್ಧ ನೋಡಿ ಪೂರ್ತಿ ಬರೆಯುವುದು ನ್ಯಾಯವಲ್ಲ. ನಿಮ್ಮ ಡಿಗ್ರಿ ಕಾಲೇಜು, ನಮ್ಮ ಶನಿವಾರದ ಗುಂಪು ಮೊದಲು ಜೋಡಿಯಾಗಲಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲ್ಬರ್ಗ ವಿಶ್ವವಿದ್ಯಾಲಯದ ಬಾಗಿಲನ್ನು ಆಮೇಲೆ ಒಟ್ಟಿಗೆ ತಟ್ಟೋಣ. ಒಂದೇ ಫಾರ್ಮ್, ಎರಡೂ ಕಡೆ, ವರ್ಷಕ್ಕೆ ಎರಡು ಸಲ. ದೊಡ್ಡ ಉದ್ಘಾಟನೆ ಬೇಡ, ಶಾಲು ಹಾರ ಬೇಡ. ಆ ದುಡ್ಡಿನಲ್ಲಿ ನಾಕಾದ ಭಾಷೆ ಬಲ್ಲ ಒಬ್ಬರಿಗೆ ಹನ್ನೆರಡು ತಿಂಗಳೂ ಸಂಬಳ ಕೊಡೋಣ. ಸಂಘದ ಕೆಲವು ಹಿರಿಯರನ್ನು ಕೇಳಿದ್ದೇನೆ, ಒಂದು ವರ್ಷದ ಮಟ್ಟಿಗೆ ಒಂದಿಷ್ಟು ಕೊಡುತ್ತೇವೆ ಅಂದಿದ್ದಾರೆ. ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಅವರು, ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಹೆಣ್ಣು ನೋಡುವ ವಿಷಯ ಅಮ್ಮನ ಹತ್ತಿರ ಎತ್ತಬೇಡ ಮಾರಾಯ, ನಿನ್ನ ಫೋನ್ ಬಂದರೆ ಆಕೆ ಎರಡು ಗಂಟೆ ಬಿಡುವುದಿಲ್ಲ. ವಾಡಿ ಜಂಕ್ಷನ್ನಿನ ಛತ್ರಿ ನನ್ನ ಹತ್ತಿರವೇ ಇದೆ, ಕೇಳಬೇಡ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವಾಗ ಶೇಂಗಾ ಹಿಂಡಿ ಜಾಸ್ತಿಯೇ ತಾ, ಶನಿವಾರದವರೆಲ್ಲ ಕಾದಿದ್ದಾರೆ. ನಿಮ್ಮ ಪ್ರಿನ್ಸಿಪಾಲರಿಗೆ ಕೊಡುವ ಪತ್ರದ ಕರಡು ಬೇರೆ ಕಳಿಸಿದ್ದೇನೆ. ಸೋಮವಾರದೊಳಗೆ ಸಹಿ ಹಾಕಿಸಿ ಕಳಿಸು.

ನಿನ್ನ,
ಖಿಡಕಿ ಸೀಟಿನವನು