ಇಳಿಯುವುದು ತೂಕ ಮಾತ್ರವಲ್ಲ

ಮಾನ್ಯರೇ,

ತೂಕ ಇಳಿಸುವ ಆಪರೇಷನ್ ಬರೀ ಅಂದಕ್ಕೆ ಎಂದು ಹಲವರು ಸುಮ್ನೆ ನಗುತ್ತಾರೆ. ಲಿವರ್ ಕಥೆ ಯಾರೂ ಹೇಳುವುದಿಲ್ಲ. ಬೊಜ್ಜು ಜಾಸ್ತಿಯಾದವರಲ್ಲಿ ಎಷ್ಟೋ ಜನರ ಲಿವರ್‌ನಲ್ಲಿ ಕೊಬ್ಬು ತುಂಬಿರುತ್ತದೆ. ಆಗ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ. ಬೇಡವೆಂದರೂ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿಯಲ್ಲಿ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆದ ಕೆಲವೇ ದಿನಗಳಲ್ಲಿ, ತೂಕ ಅಷ್ಟಾಗಿ ಇಳಿಯುವ ಮೊದಲೇ, ಈ ಹಟ ಸಡಿಲವಾಗುತ್ತದೆ! ಊಟ ತೀರಾ ಕಡಿಮೆಯಾಗುವುದು ಇದಕ್ಕೆ ದೊಡ್ಡ ಕಾರಣ. ಊಟದ ನಂತರ ಇನ್ಸುಲಿನ್ ಹೆಚ್ಚಿಸುವ ಕರುಳಿನ ಜಿಎಲ್‌ಪಿ-1 ಹಾರ್ಮೋನ್ ಏರುವುದೂ ಜೊತೆಗಿದೆ. ಮುಂದೆ ತಿಂಗಳುಗಳಲ್ಲಿ ಲಿವರ್ ಕೊಬ್ಬು ಕರಗುತ್ತದೆ. ಗಾಯದ ಕಲೆಯಂತೆ ಗಟ್ಟಿಯಾದ ಭಾಗ ಸುಧಾರಿಸುವುದು ಮಾತ್ರ ನಿಧಾನ. ತೂಕ ದಡಬಡ ಇಳಿದರೆ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ಇಷ್ಟೆಲ್ಲ ಇರುವಾಗ, ಪತ್ರಿಕೆಗಳಲ್ಲಿ ಬರುವುದು ‘ಮೊದಲು, ಆಮೇಲೆ’ ಫೋಟೊಗಳು ಮಾತ್ರ, ಅಲ್ವಾ?

– ಒಬ್ಬ ಓದುಗ